ತಡೆದಿಟ್ಟ ಸಿಗ್ನಲ್‌ಗಳ ಬಾಕಿ ಲೆಕ್ಕ

2024ರ ಜುಲೈ 1, ಸೋಮವಾರ. ದೆಹಲಿಯಲ್ಲಿ ಅಂದು ಮಾತೆಲ್ಲ ಬೇರೆಯದೇ ಆಗಿತ್ತು. ಭಾರತೀಯ ನ್ಯಾಯ ಸಂಹಿತೆಯೂ ಸೇರಿ ಮೂರು ಹೊಸ ಅಪರಾಧ ಕಾನೂನುಗಳು ಅಂದೇ ಜಾರಿಗೆ ಬಂದಿದ್ದವು. ಜೂನ್ 28ರ ಮಳೆಗೆ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನ ಛಾವಣಿ ಕುಸಿದ ಸುದ್ದಿ ಇನ್ನೂ ಆರಿರಲಿಲ್ಲ. ಗುರುಗ್ರಾಮ, ನೋಯ್ಡಾಗಳಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದವರಿಗೆ ಮಾತ್ರ ಇನ್ನೊಂದು ಸುದ್ದಿ ತಲೆ ತಿನ್ನುತ್ತಿತ್ತು. ಕ್ವಾಲಿಸ್ ಎಂಬ ಭದ್ರತಾ ಕಂಪನಿ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ದೊಡ್ಡ ದೋಷವೊಂದನ್ನು ಪ್ರಕಟಿಸಿತ್ತು. ದೋಷದ ಸಂಖ್ಯೆ ಸಿವಿಇ-2024-6387.

ಎಸ್‌ಎಸ್‌ಎಚ್ ಎಂದರೆ ದೂರದ ಸರ್ವರ್ ಒಳಗೆ ಹೋಗುವ ಮುಂಬಾಗಿಲು. ಬ್ಯಾಂಕು, ಸರ್ಕಾರಿ ಜಾಲತಾಣ, ತರಕಾರಿ ತಂದುಕೊಡುವ ಆ್ಯಪ್, ಯಾವುದರ ಹಿಂದೆಯೇ ಆಗಲಿ ಲಿನಕ್ಸ್ ಸರ್ವರ್ ಇದ್ದರೆ ಅದನ್ನು ನೋಡಿಕೊಳ್ಳುವವರು ಬಹುಪಾಲು ಈ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಪಾಸ್‌ವರ್ಡ್ ಗೊತ್ತಿಲ್ಲದ ಹೊರಗಿನವನೊಬ್ಬ ಆ ಬಾಗಿಲಿನಿಂದ ನುಗ್ಗಿ ಇಡೀ ಯಂತ್ರದ ಯಜಮಾನನಾಗಬಹುದು ಎಂದು ಕ್ವಾಲಿಸ್ ತೋರಿಸಿತ್ತು. ಇಂಟರ್‌ನೆಟ್‌ಗೆ ತೆರೆದುಕೊಂಡಿರುವ 1.4 ಕೋಟಿಗೂ ಹೆಚ್ಚು ಸರ್ವರ್‌ಗಳು ಅಪಾಯದಲ್ಲಿರಬಹುದು ಎಂಬುದು ಅದರ ಅಂದಾಜು.

ದೋಷದ ಮೂಲ ಹುಡುಕಿದರೆ ಸಿಗುವುದು ಕಠಿಣ ಗಣಿತವಲ್ಲ, ಗೂಢಲಿಪಿಯೂ ಅಲ್ಲ. ಬರಬಾರದ ಹೊತ್ತಿಗೆ ಬಂದ ಒಂದು ಸಿಗ್ನಲ್, ಅಷ್ಟೆ. ಯುನಿಕ್ಸ್ ಪ್ರಪಂಚ ನಲವತ್ತು ವರ್ಷಗಳಿಂದ ಇದೇ ಸಮಸ್ಯೆಯ ಜೊತೆ ಏಗುತ್ತಿದೆ. ಸಿ ಲೈಬ್ರರಿಯಲ್ಲಿ ಸಿಗ್ನಲ್‌ಗಳನ್ನು ತಡೆಹಿಡಿಯುವ ಮತ್ತು ಬಿಡುವ ಫಂಕ್ಷನ್‌ಗಳಿರುವುದೇ ಇದಕ್ಕಾಗಿ. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಪ್ರೋಗ್ರಾಂ ಬರೆಯದವರಿಗೂ ತಿಳಿಯುವಂತೆ ನೋಡೋಣ.

ಸಿಗ್ನಲ್ ಎಂದರೇನು?

ಓಡುತ್ತಿರುವ ಪ್ರೋಗ್ರಾಂಗೆ ಕರ್ನಲ್ ತಲುಪಿಸುವ ಒಂದು ಪುಟ್ಟ ಸಂಖ್ಯೆಯೇ ಸಿಗ್ನಲ್. ಅದರಲ್ಲಿ ಉದ್ದದ ಪತ್ರವಿಲ್ಲ, ವಿವರಣೆಯಿಲ್ಲ. ಬಾಗಿಲು ಬಡಿದಂತೆ, ಅಷ್ಟೆ. ಯಾವ ಬಗೆಯ ಬಡಿತ ಎಂಬುದನ್ನು ಸಂಖ್ಯೆ ಹೇಳುತ್ತದೆ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಒತ್ತಿದಾಗ ಹೋಗುವುದು 2ನೇ ಸಿಗ್ನಲ್, ಸಿಗ್‌ಇಂಟ್. ‘ಕೆಲಸ ಮುಗಿಸಿ ಹೊರಡು’ ಎಂದು ಸೌಜನ್ಯದಿಂದ ಹೇಳುವುದು 15, ಸಿಗ್‌ಟರ್ಮ್. ಮಾತೇ ಇಲ್ಲದೆ ಕೊಲ್ಲುವುದು 9, ಸಿಗ್‌ಕಿಲ್. ಇಟ್ಟ ಅಲಾರಂ ಹೊಡೆದಾಗ ಬರುವುದು 14, ಸಿಗ್‌ಅಲಾರ್ಮ್.

ಲಿನಕ್ಸ್ ಯಂತ್ರದಲ್ಲಿ ‘ಕಿಲ್ ಮೈನಸ್ ಎಲ್’ ಎಂದು ಟೈಪ್ ಮಾಡಿದರೆ ಪೂರ್ತಿ ಪಟ್ಟಿ ಸಿಗುತ್ತದೆ. 1ರಿಂದ 31ರವರೆಗೆ ಹಳೆಯ ಸಾಮಾನ್ಯ ಸಿಗ್ನಲ್‌ಗಳು; 34ರಿಂದ 64ರವರೆಗೆ ಆಮೇಲೆ ಬಂದ ರಿಯಲ್-ಟೈಮ್ ಸಿಗ್ನಲ್‌ಗಳು. ನಡುವಿನ 32, 33 ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಗ್ನೂ ಸಿ ಲೈಬ್ರರಿ, ಅಂದರೆ ಗ್ಲಿಬ್‌ಸಿ, ಅವೆರಡನ್ನು ಥ್ರೆಡ್‌ಗಳ ಒಳಗೆಲಸಕ್ಕೆಂದು ಇಟ್ಟುಕೊಂಡಿದೆ.

ಸಿಗ್ನಲ್ ಬಂದಾಗ ಏನು ಮಾಡಬೇಕೆಂದು ಪ್ರೋಗ್ರಾಂ ಮೊದಲೇ ಹೇಳಿಡಬಹುದು. ಹಾಗೆ ಬರೆದಿಟ್ಟ ಫಂಕ್ಷನ್‌ಗೆ ಹ್ಯಾಂಡ್ಲರ್ ಎನ್ನುತ್ತಾರೆ. ಸಿಗ್ನಲ್ ಬಂದೊಡನೆ ಕರ್ನಲ್ ಪ್ರೋಗ್ರಾಂ ಮಾಡುತ್ತಿದ್ದ ಕೆಲಸವನ್ನು ಇದ್ದಲ್ಲೇ ನಿಲ್ಲಿಸುತ್ತದೆ, ಹ್ಯಾಂಡ್ಲರನ್ನು ಓಡಿಸುತ್ತದೆ, ಅದು ಮುಗಿದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತದೆ. ಇಲ್ಲಿ ‘ಇದ್ದಲ್ಲೇ’ ಎಂಬ ಮಾತನ್ನು ಗಮನಿಸಬೇಕು. ಯಾವ ಎರಡು ಯಂತ್ರಸೂಚನೆಗಳ ನಡುವೆ ಬೇಕಾದರೂ ಸಿಗ್ನಲ್ ಬರಬಹುದು. ಈಗ ಸಮಯ ಸರಿಯಿದೆಯೇ ಎಂದು ಅದು ಕೇಳುವುದಿಲ್ಲ.

ಅರ್ಧಕ್ಕೆ ನಿಂತ ಲೆಕ್ಕ

ದೆಹಲಿಯ ಕನ್ನಡಿಗರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಗೊತ್ತಿಲ್ಲದ್ದಲ್ಲ. ಅದರ ಟಿಕೆಟ್ ಕೊಡುವ ಒಂದು ಕಾಲ್ಪನಿಕ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಪ್ರತಿ ಟಿಕೆಟ್‌ಗೂ ಅದು ಎರಡು ಕಡೆ ಬರೆಯಬೇಕು. ಮೊದಲು ಖಾಲಿ ಬರ್ತ್‌ಗಳ ಸಂಖ್ಯೆಯನ್ನು 12ರಿಂದ 11ಕ್ಕೆ ಇಳಿಸಬೇಕು. ಆಮೇಲೆ ಪ್ರಯಾಣಿಕರ ಪಟ್ಟಿಗೆ ಒಂದು ಹೆಸರು ಸೇರಿಸಬೇಕು. ಮೊದಲನೆಯದು ಆಗಿದೆ, ಎರಡನೆಯದು ಇನ್ನೂ ಆಗಿಲ್ಲ; ಆ ಕ್ಷಣದಲ್ಲೇ ಒಂದು ಸಿಗ್ನಲ್ ಬಂತು. ಅದರ ಹ್ಯಾಂಡ್ಲರ್‌ನ ಕೆಲಸ ಚಾರ್ಟ್ ತೆಗೆಯುವುದು. ಅದು ನೋಡಿದಾಗ ಬರ್ತ್ ಒಂದು ಕಡಿಮೆಯಾಗಿದೆ, ಪ್ರಯಾಣಿಕ ಮಾತ್ರ ಪಟ್ಟಿಯಲ್ಲಿಲ್ಲ. ಚಾರ್ಟ್ ತಪ್ಪಾಗಿಯೇ ಹೊರಬೀಳುತ್ತದೆ. ಒಂದು ಕ್ಷಣ ತಡೆದು ಬಂದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು.

ನಾವು ಬರೆದ ಕೋಡಿನಲ್ಲಿ ಮಾತ್ರ ಹೀಗಾಗುವುದಿಲ್ಲ, ಲೈಬ್ರರಿಯ ಒಳಗೂ ಆಗುತ್ತದೆ. ಸಿ ಪ್ರೋಗ್ರಾಂ ಮೆಮೊರಿ ಬೇಕಾದಾಗ ಮ್ಯಾಲಾಕ್ ಎಂಬ ಫಂಕ್ಷನ್ ಕರೆಯುತ್ತದೆ. ಖಾಲಿ ಜಾಗಗಳ ಒಂದು ಲೆಕ್ಕ ಮ್ಯಾಲಾಕ್ ಹತ್ತಿರ ಇರುತ್ತದೆ. ಅದು ಲೆಕ್ಕ ತಿದ್ದುತ್ತಿರುವಾಗಲೇ ಸಿಗ್ನಲ್ ಬಂದು, ಹ್ಯಾಂಡ್ಲರ್ ಕೂಡ ಮ್ಯಾಲಾಕ್ ಕರೆದರೆ, ಅರ್ಧ ತಿದ್ದಿದ ಲೆಕ್ಕದ ಮೇಲೆ ಇನ್ನೊಂದು ತಿದ್ದುಪಡಿ ಬೀಳುತ್ತದೆ. ಅಲ್ಲಿಂದ ಮುಂದೆ ಏನಾದರೂ ಆಗಬಹುದು. ಪ್ರೋಗ್ರಾಂ ಸುಮ್ಮನೆ ನಿಂತುಬಿಡಬಹುದು, ಸಾಯಬಹುದು, ಇಲ್ಲವೇ ಕೆಟ್ಟವರ ಕೈಗೆ ಸಿಕ್ಕಬಹುದು. ಅದಕ್ಕೇ ಪೋಸಿಕ್ಸ್ ಮಾನದಂಡದಲ್ಲಿ ‘ಹ್ಯಾಂಡ್ಲರ್ ಒಳಗಿಂದ ಕರೆಯಬಹುದಾದ ಫಂಕ್ಷನ್‌ಗಳು’ ಎಂಬ ಪಟ್ಟಿಯೇ ಇದೆ. ಮ್ಯಾಲಾಕ್ ಅದರಲ್ಲಿಲ್ಲ. ಎಲ್ಲರೂ ಮೊದಲ ದಿನವೇ ಕಲಿಯುವ ಪ್ರಿಂಟ್‌ಎಫ್ ಕೂಡ ಇಲ್ಲ.

ಪರಿಹಾರ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಅಜ್ಜಿ ಮಡಿಯಲ್ಲಿದ್ದಾಗ ಯಾರೂ ಮುಟ್ಟುವಂತಿರಲಿಲ್ಲ. ಬಂದವರನ್ನು ಅಟ್ಟುತ್ತಿರಲಿಲ್ಲ, ‘ಜಗಲಿ ಮೇಲೆ ಕೂತಿರಿ’ ಎನ್ನುತ್ತಿದ್ದರು. ಪೂಜೆ ಮುಗಿದ ಮೇಲೆ ಮಾತು. ಸಿಗ್ನಲ್ ತಡೆಹಿಡಿಯುವುದೆಂದರೂ ಇಷ್ಟೇ: ಸೂಕ್ಷ್ಮ ಕೆಲಸ ನಡೆಯುವಾಗ ಸ್ವಲ್ಪ ಹೊತ್ತು ಕಾಯಿಸುವುದು.

ಬರ್ಕ್ಲಿಯಿಂದ ಪೋಸಿಕ್ಸ್‌ವರೆಗೆ

1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಹೀಗೆ ಕಾಯಿಸುವ ಅನುಕೂಲವಿರಲಿಲ್ಲ. ಇನ್ನೊಂದು ತೊಂದರೆಯೂ ಇತ್ತು. ಸಿಗ್ನಲ್ ಒಮ್ಮೆ ಬಂದೊಡನೆ, ಇಟ್ಟಿದ್ದ ಹ್ಯಾಂಡ್ಲರ್ ತೆಗೆದುಹೋಗಿ ಮೊದಲಿನ ಸ್ಥಿತಿಯೇ ಬರುತ್ತಿತ್ತು. ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಅದನ್ನು ಮತ್ತೆ ನೆಡಬೇಕಿತ್ತು. ಆ ಚಿಕ್ಕ ಕಿಂಡಿಯಲ್ಲಿ ಅದೇ ಸಿಗ್ನಲ್ ಇನ್ನೊಮ್ಮೆ ಬಂದರೆ ಪ್ರೋಗ್ರಾಂ ಸತ್ತೇಹೋಗುತ್ತಿತ್ತು. ಪುಸ್ತಕಗಳಲ್ಲಿ ಈ ಹಳೆಯ ವ್ಯವಸ್ಥೆಗೆ ‘ನಂಬಲಾಗದ ಸಿಗ್ನಲ್‌ಗಳು’ ಎಂದೇ ಹೆಸರು.

1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಬಂದ 4.2ಬಿಎಸ್‌ಡಿ ಇದನ್ನು ಸರಿಪಡಿಸಿತು. ಹ್ಯಾಂಡ್ಲರ್ ತಾನಾಗಿ ಬಿದ್ದುಹೋಗುವುದು ನಿಂತಿತು. ಸಿಗ್‌ಬ್ಲಾಕ್, ಸಿಗ್‌ಸೆಟ್‌ಮಾಸ್ಕ್ ಎಂಬ ಫಂಕ್ಷನ್‌ಗಳು ಬಂದವು. ಪ್ರತಿ ಸಿಗ್ನಲ್‌ಗೂ ಒಂದು ಬಿಟ್. ಬಿಟ್ 1 ಇದ್ದರೆ ತಡೆ, 0 ಇದ್ದರೆ ದಾರಿ ಖಾಲಿ. ಇಡೀ ಮಾಸ್ಕ್ ಒಂದೇ ಪೂರ್ಣಾಂಕದಲ್ಲಿ ಹಿಡಿಯುತ್ತಿತ್ತು. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಬೇರೆ ಹೆಸರಿನ ಫಂಕ್ಷನ್‌ಗಳನ್ನು ತಂದಿತು. ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದರಲ್ಲಿ ನಡೆಯದ ಪರಿಸ್ಥಿತಿ.

1988ರ ಪೋಸಿಕ್ಸ್ ಮಾನದಂಡ ಈ ಜಗಳವನ್ನು ಬಗೆಹರಿಸಿತು. ಪೂರ್ಣಾಂಕದ ಬದಲು ಸಿಗ್‌ಸೆಟ್ ಎಂಬ ಪ್ರತ್ಯೇಕ ಬಗೆ ಬಂತು. ತಡೆಯಲು, ಬಿಡಲು ಎರಡಕ್ಕೂ ಸಿಗ್‌ಪ್ರಾಕ್‌ಮಾಸ್ಕ್ ಎಂಬ ಒಂದೇ ಫಂಕ್ಷನ್ ಬಂತು. ಬರ್ಕ್ಲಿಯ ಹಳೆಯ ಫಂಕ್ಷನ್‌ಗಳು ಗ್ಲಿಬ್‌ಸಿಯಲ್ಲಿ ಇನ್ನೂ ಇವೆ, ಆದರೆ ಹೊಸ ಕೋಡಿನಲ್ಲಿ ಬಳಸಬೇಡಿ ಎಂಬ ಎಚ್ಚರಿಕೆಯೊಂದಿಗೆ. ಇಂದಿನ ಲಿನಕ್ಸ್ ಕರ್ನಲ್‌ಗೆ ಈ ಮಾಸ್ಕ್ ಇಡಲು 64 ಬಿಟ್ ಸಾಕು. ಗ್ಲಿಬ್‌ಸಿ ಮಾತ್ರ ಮುಂದಾಲೋಚನೆಯಿಂದ 1024 ಬಿಟ್ ಜಾಗ ಕಾದಿರಿಸಿದೆ.

ಮೂರು ಕೆಲಸ, ಒಂದು ನಿಯಮ

ಸಿಗ್‌ಪ್ರಾಕ್‌ಮಾಸ್ಕ್‌ಗೆ ಮೂರು ಸಂಗತಿಗಳನ್ನು ಕೊಡಬೇಕು. ಏನು ಮಾಡಬೇಕು, ಯಾವ ಸಿಗ್ನಲ್‌ಗಳ ಮೇಲೆ ಮಾಡಬೇಕು, ಹಳೆಯ ಮಾಸ್ಕನ್ನು ಎಲ್ಲಿ ಬರೆದಿಡಬೇಕು. ‘ಏನು ಮಾಡಬೇಕು’ ಎಂಬುದಕ್ಕೆ ಮೂರು ಉತ್ತರಗಳಿವೆ. ಸಿಗ್-ಬ್ಲಾಕ್ ಎಂದರೆ ಈಗಿರುವ ತಡೆಗೆ ಇವನ್ನೂ ಸೇರಿಸು. ಸಿಗ್-ಅನ್‌ಬ್ಲಾಕ್ ಎಂದರೆ ಇವನ್ನು ತಡೆಯಿಂದ ತೆಗೆ. ಸಿಗ್-ಸೆಟ್‌ಮಾಸ್ಕ್ ಎಂದರೆ ಹಳೆಯದನ್ನೆಲ್ಲ ಬಿಟ್ಟು ನಾನು ಕೊಟ್ಟದ್ದನ್ನೇ ಇಡು.

ಟಿಕೆಟ್ ಪ್ರೋಗ್ರಾಂ ಈಗ ಹೀಗೆ ಕೆಲಸ ಮಾಡುತ್ತದೆ. ಮೊದಲು ಚಾರ್ಟ್ ತೆಗೆಯುವ ಸಿಗ್ನಲನ್ನು ತಡೆದು ಹಳೆಯ ಮಾಸ್ಕನ್ನು ಬರೆದಿಟ್ಟುಕೊಳ್ಳುತ್ತದೆ. ಬರ್ತ್ ಸಂಖ್ಯೆ ಇಳಿಸಿ, ಹೆಸರು ಸೇರಿಸುತ್ತದೆ. ಆಮೇಲೆ ಬರೆದಿಟ್ಟ ಹಳೆಯ ಮಾಸ್ಕನ್ನು ವಾಪಸು ಇಡುತ್ತದೆ.

ಕೊನೆಯ ಹೆಜ್ಜೆಯಲ್ಲಿ ಎಡವುವವರು ಬಹಳ. ತಡೆದದ್ದನ್ನು ಬಿಡಲು ಸಿಗ್-ಅನ್‌ಬ್ಲಾಕ್ ಇದ್ದೇ ಇದೆಯಲ್ಲ, ಹಳೆಯದನ್ನು ಏಕೆ ಬರೆದಿಡಬೇಕು ಎಂದು ಕೇಳಬಹುದು. ನಿಮ್ಮ ಫಂಕ್ಷನನ್ನು ಕರೆದವರು ಅದೇ ಸಿಗ್ನಲನ್ನು ತಮ್ಮ ಕಾರಣಕ್ಕೆ ಆಗಲೇ ತಡೆದಿಟ್ಟಿರಬಹುದು. ನೀವು ನಿಮ್ಮ ಕೆಲಸ ಮುಗಿಯಿತೆಂದು ಬಿಟ್ಟುಬಿಟ್ಟರೆ, ಅವರ ಕೆಲಸದ ನಡುವೆ ಬಾಗಿಲು ತೆರೆದಂತಾಯಿತು. ನೆಂಟರ ಮನೆಗೆ ಹೋದಾಗ ಚಿಲಕ ಹಾಕಿದ್ದ ಬಾಗಿಲಿನಿಂದ ಒಳಗೆ ಹೋದರೆ ಹೊರಡುವಾಗ ಚಿಲಕ ಹಾಕಿಯೇ ಬರಬೇಕು. ತೆರೆದಿದ್ದರೆ ತೆರೆದೇ ಬಿಡಬೇಕು. ಬಂದಾಗ ಹೇಗಿತ್ತೋ ಹಾಗೇ ಬಿಡುವುದು. ನಿಯಮ ಇದೊಂದೇ.

ಹ್ಯಾಂಡ್ಲರ್ ಓಡುತ್ತಿರುವಾಗ ಅದೇ ಸಿಗ್ನಲ್ ಇನ್ನೊಮ್ಮೆ ಬಂದರೇನು ಎಂಬ ಹಳೆಯ ಚಿಂತೆಯೂ ಈಗಿಲ್ಲ. ಸಿಗ್‌ಆ್ಯಕ್ಷನ್ ಎಂಬ ಫಂಕ್ಷನ್ ಮೂಲಕ ನೆಟ್ಟ ಹ್ಯಾಂಡ್ಲರ್ ಓಡುವಷ್ಟು ಹೊತ್ತು ಅದರ ಸಿಗ್ನಲ್ ತಾನಾಗಿ ತಡೆಯಲ್ಲಿರುತ್ತದೆ. ಜೊತೆಗೆ ಬೇರೆ ಯಾವುದನ್ನು ತಡೆಯಬೇಕೆಂದೂ ಹೇಳಿಡಬಹುದು. ಹ್ಯಾಂಡ್ಲರ್ ಮುಗಿದಾಗ ಮಾಸ್ಕ್ ಮೊದಲಿನಂತಾಗುತ್ತದೆ.

ಕಾದಿದ್ದು ಕಳೆಯುವುದಿಲ್ಲ, ಆದರೆ ಎಣಿಕೆ ಉಳಿಯುವುದಿಲ್ಲ

ತಡೆಯುವುದು ಬೇರೆ, ಅಲಕ್ಷಿಸುವುದು ಬೇರೆ. ಅಲಕ್ಷಿಸಿದ ಸಿಗ್ನಲ್ ಬಂದ ಕೂಡಲೇ ಕಸದ ಬುಟ್ಟಿಗೆ ಹೋಗುತ್ತದೆ. ತಡೆದ ಸಿಗ್ನಲ್ ಕರ್ನಲ್ ಬಳಿ ಬಾಕಿಯಾಗಿ ಕೂತಿರುತ್ತದೆ. ಸಿಗ್‌ಪೆಂಡಿಂಗ್ ಎಂಬ ಫಂಕ್ಷನ್ ಕರೆದರೆ ಬಾಕಿ ಯಾವುವು ಎಂದು ತಿಳಿಯುತ್ತದೆ. ತಡೆ ತೆಗೆದಾಗ ಬಾಕಿ ಇದ್ದರೆ, ಕನಿಷ್ಠ ಒಂದಾದರೂ ಸಿಗ್‌ಪ್ರಾಕ್‌ಮಾಸ್ಕ್ ಹಿಂದಿರುಗುವ ಮೊದಲೇ ತಲುಪಬೇಕು ಎಂಬುದು ಪೋಸಿಕ್ಸ್‌ನ ಕಟ್ಟಳೆ. ಅಂದರೆ ಚಾರ್ಟ್ ತೆಗೆಯುವ ಕೆಲಸ ರದ್ದಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ.

ಇಲ್ಲೊಂದು ಸೂಕ್ಷ್ಮವಿದೆ. 1ರಿಂದ 31ರವರೆಗಿನ ಸಿಗ್ನಲ್‌ಗಳಿಗೆ ಬಾಕಿ ಪುಸ್ತಕದಲ್ಲಿ ತಲಾ ಒಂದೇ ಗುರುತು. ತಡೆಯಲ್ಲಿದ್ದಾಗ ಅದೇ ಸಿಗ್ನಲ್ ಐದು ಸಲ ಬಂದರೂ, ಬಿಟ್ಟ ಮೇಲೆ ತಲುಪುವುದು ಒಂದೇ ಸಲ. ಮನೆಯಲ್ಲಿ ಯಾರೋ ಬಂದಿದ್ದರು ಎಂದು ಗೊತ್ತಾಗುತ್ತದೆ, ಎಷ್ಟು ಜನ ಎಂದು ಗೊತ್ತಾಗುವುದಿಲ್ಲ. ಇದರ ಪರಿಣಾಮ ದಿನನಿತ್ಯ ಕಾಣುವುದು ಸಿಗ್‌ಚೈಲ್ಡ್‌ನಲ್ಲಿ. ಒಂದು ಪ್ರೋಗ್ರಾಂ ಹುಟ್ಟಿಸಿದ ಮರಿ ಪ್ರೋಗ್ರಾಂ ಮುಗಿದಾಗ ಹೆತ್ತದ್ದಕ್ಕೆ ಈ ಸಿಗ್ನಲ್ ಬರುತ್ತದೆ. ಮೂರು ಮರಿಗಳು ಒಟ್ಟಿಗೆ ಮುಗಿದರೆ ಒಂದೇ ಸಿಗ್ನಲ್ ಬರಬಹುದು. ಹ್ಯಾಂಡ್ಲರ್ ಒಂದನ್ನೇ ವಿಚಾರಿಸಿ ಸುಮ್ಮನಾದರೆ ಉಳಿದೆರಡು ಪ್ರೇತಗಳಾಗಿ ಪ್ರೋಸೆಸ್ ಪಟ್ಟಿಯಲ್ಲಿ ಉಳಿಯುತ್ತವೆ. ಅದಕ್ಕೇ ಅನುಭವಸ್ಥರು ಅಲ್ಲಿ ಲೂಪ್ ಬರೆಯುತ್ತಾರೆ: ಇನ್ನಾರೂ ಉಳಿದಿಲ್ಲ ಎಂಬ ಉತ್ತರ ಬರುವವರೆಗೆ ಕೇಳುತ್ತಲೇ ಇರು. ಎಣಿಕೆಯೇ ಮುಖ್ಯವಾದರೆ 34ರ ಮೇಲಿನ ರಿಯಲ್-ಟೈಮ್ ಸಿಗ್ನಲ್‌ಗಳಿವೆ, ಅವು ಸಾಲಿನಲ್ಲಿ ನಿಲ್ಲುತ್ತವೆ.

ಮಡಿಗೆ ಜಗ್ಗದವರೂ ಇಬ್ಬರಿದ್ದಾರೆ. ಸಿಗ್‌ಕಿಲ್ ಮತ್ತು ಸಿಗ್‌ಸ್ಟಾಪ್. ಇವನ್ನು ತಡೆಯಲು ಹೇಳಿದರೆ ಸಿಗ್‌ಪ್ರಾಕ್‌ಮಾಸ್ಕ್ ದೋಷವನ್ನೂ ತೋರಿಸುವುದಿಲ್ಲ, ಮಾತನ್ನೂ ಕೇಳುವುದಿಲ್ಲ. ಯಂತ್ರದ ಯಜಮಾನನ ಕೈಯಲ್ಲಿ ಕೊನೆಯ ಅಸ್ತ್ರವೊಂದು ಇರಲೇಬೇಕು ಎಂಬ ಉದ್ದೇಶದಿಂದ ಮಾಡಿದ ಏರ್ಪಾಡು ಇದು.

ಕಣ್ಣು ಮುಚ್ಚುವ ಮುಂಚಿನ ಕ್ಷಣ

ತಡೆಯುವುದಕ್ಕಿಂತ ಬಿಡುವುದರಲ್ಲೇ ಹೆಚ್ಚು ಜಾಣ್ಮೆ ಬೇಕಾಗುವ ಸಂದರ್ಭವೊಂದಿದೆ. ಸಿಗ್ನಲ್ ಬರುವವರೆಗೆ ಮಲಗಿರಬೇಕಾದ ಪ್ರೋಗ್ರಾಂ ಯೋಚಿಸಿ. ಅದು ಮೊದಲು ‘ಬಂದಿದೆಯೇ’ ಎಂದು ನೋಡುತ್ತದೆ. ಬಂದಿಲ್ಲದಿದ್ದರೆ ತಡೆ ತೆಗೆದು, ಪಾಸ್ ಎಂಬ ಫಂಕ್ಷನ್ ಕರೆದು ಮಲಗುತ್ತದೆ. ತಡೆ ತೆಗೆದದ್ದಕ್ಕೂ ಮಲಗಿದ್ದಕ್ಕೂ ನಡುವೆ ಕೂದಲೆಳೆಯಷ್ಟು ಅಂತರ. ಸಿಗ್ನಲ್ ಅಷ್ಟರಲ್ಲೇ ಬಂದು ಹೋಯಿತು. ಇನ್ನು ಬರುವುದಿಲ್ಲ. ಪ್ರೋಗ್ರಾಂ ಎದ್ದೇಳುವುದೂ ಇಲ್ಲ. ಸಾವಿರ ಸಲ ಪರೀಕ್ಷಿಸಿದರೂ ಸಿಗದ ದೋಷ ಗ್ರಾಹಕರ ಯಂತ್ರದಲ್ಲಿ ನಡುರಾತ್ರಿ ಕಾಣಿಸುತ್ತದೆ.

ಸಿಗ್‌ಸಸ್ಪೆಂಡ್ ಈ ಅಂತರವನ್ನು ಮುಚ್ಚಲೆಂದೇ ಬಂದದ್ದು. ಮಾಸ್ಕ್ ಬದಲಿಸುವುದು ಮತ್ತು ಮಲಗುವುದು, ಎರಡನ್ನೂ ಅದು ಬಿಡಿಸಲಾಗದ ಒಂದೇ ಹೆಜ್ಜೆಯಾಗಿ ಮಾಡುತ್ತದೆ. ಎಚ್ಚರವಾದಾಗ ಹಳೆಯ ಮಾಸ್ಕ್ ತಾನಾಗಿ ಮರಳುತ್ತದೆ. ನೆಟ್‌ವರ್ಕ್‌ಗಾಗಿಯೂ ಸಿಗ್ನಲ್‌ಗಾಗಿಯೂ ಒಟ್ಟಿಗೆ ಕಾಯಬೇಕಾದವರಿಗೆ ಇದೇ ತತ್ವದ ಪಿಸೆಲೆಕ್ಟ್ ಇದೆ. ಲಿನಕ್ಸ್‌ನಲ್ಲಿ 2007ರಿಂದ ಸಿಗ್ನಲ್‌ಎಫ್‌ಡಿ ಎಂಬುದೂ ಇದೆ: ಸಿಗ್ನಲನ್ನು ತಡೆದಿಟ್ಟು, ಫೈಲ್ ಓದಿದ ಹಾಗೆ ನಮಗೆ ಬೇಕಾದಾಗ ಓದಿಕೊಳ್ಳಬಹುದು.

ತಂದೆಯ ತಡೆ ಮಗನಿಗೆ

ಮಾಸ್ಕ್ ಪಿತ್ರಾರ್ಜಿತ ಆಸ್ತಿಯಂತೆ. ಫೋರ್ಕ್ ಮಾಡಿ ಮರಿ ಪ್ರೋಸೆಸ್ ಹುಟ್ಟಿಸಿದರೆ ಅದಕ್ಕೂ ಅದೇ ಮಾಸ್ಕ್. ಆ ಮರಿ ಎಕ್ಸೆಕ್ ಮಾಡಿ ಬೇರೆಯೇ ಪ್ರೋಗ್ರಾಂ ಆಗಿ ಬದಲಾದರೂ ಮಾಸ್ಕ್ ಹಾಗೇ ಉಳಿಯುತ್ತದೆ. ಹಳೆಯ ಹ್ಯಾಂಡ್ಲರ್‌ಗಳೆಲ್ಲ ಎಕ್ಸೆಕ್ ಹೊತ್ತಿಗೆ ಅಳಿಸಿಹೋಗುತ್ತವೆ, ಏಕೆಂದರೆ ಆ ಕೋಡ್ ಹೊಸ ಪ್ರೋಗ್ರಾಂನಲ್ಲಿ ಇರುವುದೇ ಇಲ್ಲ. ಮಾಸ್ಕ್ ಮಾತ್ರ ಅಳಿಯುವುದಿಲ್ಲ.

ಗುರುಗ್ರಾಮದ ಕಂಪನಿಯೊಂದರಲ್ಲಿ ಇಂಥದ್ದೊಂದು ಪ್ರಸಂಗವನ್ನು ಹತ್ತಿರದಿಂದ ನೋಡಿದ್ದೇನೆ. ಹೊಸ ಆವೃತ್ತಿ ಏರಿಸುವ ರಾತ್ರಿಗಳಲ್ಲಿ ಒಂದು ಸೇವೆ ನಿಲ್ಲುತ್ತಲೇ ಇರಲಿಲ್ಲ. ಕಲಬುರಗಿಯ ಹುಡುಗನೊಬ್ಬ ತಂಡದಲ್ಲಿದ್ದ. ‘ಸರ್, ಟರ್ಮ್ ಕಳಿಸಿದ್ರೂ ನಿಲ್ಲವಲ್ದ್ರೀ. ತೊಂಬತ್ತು ಸೆಕೆಂಡ್ ಆದ್ಮ್ಯಾಲ ತಾನs ಸಾಯ್ತದ’ ಎಂದ. ತೊಂಬತ್ತು ಸೆಕೆಂಡ್ ಎಂದೊಡನೆ ಅರ್ಧ ಉತ್ತರ ಸಿಕ್ಕಿತ್ತು. ಲಿನಕ್ಸ್‌ನ ಸಿಸ್ಟಮ್‌ಡಿ ಒಂದು ಸೇವೆಯನ್ನು ನಿಲ್ಲಿಸುವಾಗ ಮೊದಲು ಸಿಗ್‌ಟರ್ಮ್ ಕಳಿಸುತ್ತದೆ. ಬೇರೆ ಹೇಳದಿದ್ದರೆ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಸಿಗ್‌ಕಿಲ್. ಡಾಕರ್ ಹೀಗೇ 10 ಸೆಕೆಂಡ್ ಕಾಯುತ್ತದೆ, ಕುಬರ್ನೆಟೀಸ್ 30. ಅಂದರೆ ಆ ಸೇವೆ ತಾನಾಗಿ ಸಾಯುತ್ತಿರಲಿಲ್ಲ, ಕೊಲ್ಲಿಸಿಕೊಳ್ಳುತ್ತಿತ್ತು. ಮುಗಿಸಬೇಕಾದ ಬರವಣಿಗೆಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿತ್ತು. ಬೆಳಗಿನ ವರದಿಯಲ್ಲಿ ಸಾಲುಗಳು ಕಾಣೆಯಾಗುತ್ತಿದ್ದುದಕ್ಕೆ ಅದೇ ಕಾರಣ.

ಸೇವೆಯ ಕೋಡಿನಲ್ಲಿ ಹುಡುಕಿದರೆ ತಪ್ಪೇನೂ ಇರಲಿಲ್ಲ. ಉಳಿದರ್ಧ ಉತ್ತರ ಇದ್ದದ್ದು ಲಿನಕ್ಸ್‌ನ ಪ್ರಾಕ್ ಡೈರೆಕ್ಟರಿಯಲ್ಲಿ. ಅಲ್ಲಿ ಪ್ರತಿ ಪ್ರೋಸೆಸ್‌ನ ಸಂಖ್ಯೆಯ ಕೆಳಗೆ ಸ್ಟೇಟಸ್ ಎಂಬ ಫೈಲ್ ಇರುತ್ತದೆ. ಅದರ ಸಿಗ್‌ಬ್ಲಾಕ್ ಸಾಲಿನಲ್ಲಿ ಸೊನ್ನೆಗಳ ಕೊನೆಗೆ 4000 ಎಂದಿತ್ತು. ಇದು ಹದಿನಾರರ ಲೆಕ್ಕದ ಸಂಖ್ಯೆ. ಬಲಗಡೆಯಿಂದ ಎಣಿಸಿದರೆ 15ನೇ ಬಿಟ್ ಮಾತ್ರ 1 ಆಗಿದೆ ಎಂದರ್ಥ. 15 ಎಂದರೆ ಸಿಗ್‌ಟರ್ಮ್. ಈ ಸೇವೆಯನ್ನು ಶುರುಮಾಡುತ್ತಿದ್ದ ಹಳೆಯ ಪ್ರೋಗ್ರಾಂ ತನ್ನ ಯಾವುದೋ ಕೆಲಸಕ್ಕೆ ಸಿಗ್‌ಟರ್ಮ್ ತಡೆದು, ಬಿಡದೆಯೇ ಎಕ್ಸೆಕ್ ಮಾಡುತ್ತಿತ್ತು. ಮಗು ಕಿವಿ ಮುಚ್ಚಿಕೊಂಡೇ ಹುಟ್ಟುತ್ತಿತ್ತು. ಎಕ್ಸೆಕ್‌ಗೆ ಮೊದಲು ಹಳೆಯ ಮಾಸ್ಕ್ ವಾಪಸಿಡುವ ಒಂದು ಸಾಲು ಸೇರಿಸಿದ ಮೇಲೆ ಸೇವೆ ಎರಡು ಸೆಕೆಂಡಿನಲ್ಲಿ ಶಿಸ್ತಾಗಿ ನಿಲ್ಲತೊಡಗಿತು.

ಥ್ರೆಡ್‌ಗಳಿರುವ ಪ್ರೋಗ್ರಾಂನಲ್ಲಿ ಲೆಕ್ಕ ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಮಾಸ್ಕ್ ಪ್ರತಿ ಥ್ರೆಡ್‌ಗೂ ಬೇರೆ. ಪ್ರೋಸೆಸ್‌ಗೆಂದು ಬಂದ ಸಿಗ್ನಲ್ ಅದನ್ನು ತಡೆಯದಿರುವ ಯಾವ ಥ್ರೆಡ್‌ಗೆ ಬೇಕಾದರೂ ತಲುಪಬಹುದು. ಇಲ್ಲಿ ಸಿಗ್‌ಪ್ರಾಕ್‌ಮಾಸ್ಕ್ ಬಿಟ್ಟು ಪಿಥ್ರೆಡ್-ಸಿಗ್‌ಮಾಸ್ಕ್ ಬಳಸಬೇಕೆಂದು ಪೋಸಿಕ್ಸ್ ಹೇಳುತ್ತದೆ. ರೂಢಿಯ ದಾರಿ ಸರಳ: ಮೊದಲ ಥ್ರೆಡ್‌ನಲ್ಲೇ ಬೇಕಾದ ಸಿಗ್ನಲ್‌ಗಳನ್ನು ತಡೆದುಬಿಡು. ಆಮೇಲೆ ಹುಟ್ಟುವ ಥ್ರೆಡ್‌ಗಳಿಗೆಲ್ಲ ಅದೇ ತಡೆ ಸಿಗುತ್ತದೆ. ಒಂದು ಥ್ರೆಡ್ ಮಾತ್ರ ಸಿಗ್‌ವೇಟ್ ಕರೆದು ಸಿಗ್ನಲ್‌ಗಾಗಿ ಕಾಯಲಿ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಬ್ಬ ಕಾವಲುಗಾರನಿದ್ದರೆ ಪ್ರತಿ ಮನೆಯವರೂ ಬಾಗಿಲಿಗೆ ಓಡಬೇಕಾಗಿಲ್ಲ.

ತಡೆದರೂ ಕಷ್ಟ, ಬಿಟ್ಟರೂ ಕಷ್ಟ

ಇಷ್ಟು ತಿಳಿದ ಮೇಲೆ ಮತ್ತೆ ಓಪನ್‌ಎಸ್‌ಎಸ್‌ಎಚ್ ನೋಡೋಣ. ಬಾಗಿಲಿಗೆ ಬಂದವರು ಪಾಸ್‌ವರ್ಡ್ ಹೇಳದೆ ಸುಮ್ಮನೆ ನಿಂತರೆ 120 ಸೆಕೆಂಡ್‌ಗೆ ಅಲಾರಂ ಹೊಡೆದು, ಸಿಗ್‌ಅಲಾರ್ಮ್ ಬಂದು, ಹ್ಯಾಂಡ್ಲರ್ ಅವರನ್ನು ಹೊರಹಾಕುತ್ತದೆ. ಹಾಕುವ ಮುನ್ನ ಹ್ಯಾಂಡ್ಲರ್ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತಿತ್ತು, ಸಿಸ್‌ಲಾಗ್ ಎಂಬ ಫಂಕ್ಷನ್ ಮೂಲಕ. ಗ್ಲಿಬ್‌ಸಿಯ ಸಿಸ್‌ಲಾಗ್ ಒಳಗೊಳಗೇ ಮೆಮೊರಿ ಕೇಳುತ್ತದೆ. ಅಂದರೆ ಅದೇ ಮ್ಯಾಲಾಕ್. ಮುಖ್ಯ ಪ್ರೋಗ್ರಾಂ ಕೂಡ ಮ್ಯಾಲಾಕ್ ಒಳಗಿರುವ ಕ್ಷಣಕ್ಕೆ ಸರಿಯಾಗಿ 120ನೇ ಸೆಕೆಂಡ್ ಬೀಳುವಂತೆ ದಾಳಿಕಾರ ತನ್ನ ಡೇಟಾ ಕಳಿಸುವ ಹೊತ್ತನ್ನು ಹೊಂದಿಸುತ್ತಾನೆ.

ಆ ಕ್ಷಣ ಹಿಡಿಯಲು 32 ಬಿಟ್ ಯಂತ್ರದಲ್ಲಿ ಸರಾಸರಿ 10,000 ಪ್ರಯತ್ನ ಬೇಕೆಂದು ಕ್ವಾಲಿಸ್ ಲೆಕ್ಕ ಹಾಕಿತು. ಒಮ್ಮೆಗೆ 100 ಸಂಪರ್ಕ, ಒಂದೊಂದು ಸುತ್ತಿಗೆ 120 ಸೆಕೆಂಡ್ ಎಂದರೆ ಮೂರು-ನಾಲ್ಕು ಗಂಟೆ. ಮೆಮೊರಿ ವಿಳಾಸ ಊಹಿಸುವಲ್ಲಿ ಅರ್ಧದಷ್ಟು ಸಲ ಮಾತ್ರ ಸರಿಯಾಗುವುದರಿಂದ ಒಟ್ಟು ಆರರಿಂದ ಎಂಟು ಗಂಟೆ. ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ನಮ್ಮ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ. ಆದರೆ ಗಂಟೆಗಟ್ಟಲೆ ಸದ್ದಿಲ್ಲದೆ ನಡೆಯುವ ಇಂಥ ದಾಳಿ ಗಮನಕ್ಕೆ ಬರಬೇಕಲ್ಲ! ನಿಂತು ಹೊರಬಿದ್ದ ಸಂಪರ್ಕಗಳ ಸಾಲುಗಳನ್ನು ಲಾಗ್‌ನಲ್ಲಿ ಯಾರಾದರೂ ಎಣಿಸುತ್ತಿದ್ದರೆ ಮಾತ್ರ ಬಂದೀತು.

ಈ ದೋಷ ಹೊಸದೂ ಅಲ್ಲ. 2006ರಲ್ಲಿ ಮಾರ್ಕ್ ಡೌಡ್ ಎಂಬ ಸಂಶೋಧಕರು ಇದನ್ನೇ ತೋರಿಸಿದ್ದರು, ಆಗಲೇ ಸರಿಪಡಿಸಲಾಗಿತ್ತು. 2020ರ ಅಕ್ಟೋಬರ್‌ನಲ್ಲಿ ಲಾಗ್ ಬರೆಯುವ ಕೋಡನ್ನು ಒಪ್ಪ ಮಾಡುವಾಗ, ಹ್ಯಾಂಡ್ಲರ್ ಒಳಗೆ ಅಪಾಯದ ಕೆಲಸವನ್ನು ತಪ್ಪಿಸುತ್ತಿದ್ದ ಒಂದು ಪೂರ್ವಷರತ್ತು ಬಿದ್ದುಹೋಯಿತು. 2021ರ ಮಾರ್ಚ್‌ನಲ್ಲಿ ಬಂದ 8.5 ಆವೃತ್ತಿಯ ಜೊತೆ ದೋಷ ಲೋಕಸಂಚಾರ ಹೊರಟಿತು. 2024ರ ಜುಲೈ 1ರಂದು ಬಂದ 9.8ರಲ್ಲಿ ಮತ್ತೆ ಸರಿಯಾಯಿತು. ಓಪನ್‌ಬಿಎಸ್‌ಡಿ ಬಳಸುವವರಿಗೆ ಮಾತ್ರ ತೊಂದರೆಯಾಗಲಿಲ್ಲ. ಅಲ್ಲಿ ಹ್ಯಾಂಡ್ಲರ್ ಒಳಗಿಂದ ಕರೆಯಲೆಂದೇ ಸುರಕ್ಷಿತವಾದ ಬೇರೆ ಸಿಸ್‌ಲಾಗನ್ನು 2001ರಲ್ಲೇ ಮಾಡಿಟ್ಟಿದ್ದರು.

ಹಾಗಾದರೆ ಸಿಗ್‌ಅಲಾರ್ಮನ್ನು ತಡೆಹಿಡಿದಿದ್ದರೆ ಸಾಕಿತ್ತಲ್ಲ? ಪ್ರಶ್ನೆ ಸಹಜ, ಉತ್ತರ ಅಷ್ಟು ಸುಲಭವಲ್ಲ. ಬಂದವನ ಗುರುತು ಪರೀಕ್ಷಿಸುವ ಅಷ್ಟೂ ಹೊತ್ತು ಅಲಾರಂ ತಡೆದರೆ ಅಲಾರಂ ಇಟ್ಟದ್ದಾದರೂ ಏಕೆ? ಅಲ್ಲೇ ಸಿಕ್ಕಿಕೊಂಡು ಕೂತವನನ್ನು ಎಬ್ಬಿಸಲೆಂದೇ ಅದಿರುವುದು. ಕೂಡಲೇ ಹೊಸ ಆವೃತ್ತಿ ಹಾಕಲಾಗದವರಿಗೆ ಅಂದು ಸೂಚಿಸಿದ ತಾತ್ಕಾಲಿಕ ದಾರಿಯೂ ಇದನ್ನೇ ಹೇಳುತ್ತದೆ. 120 ಸೆಕೆಂಡಿನ ಮಿತಿಯನ್ನು ಸೊನ್ನೆ ಮಾಡಿ, ಅಂದರೆ ಅಲಾರಂ ಇಡಲೇಬೇಡಿ ಎಂದರು. ಒಳನುಗ್ಗುವ ಅಪಾಯ ತಪ್ಪಿತು. ಬದಲಿಗೆ, ಸುಮ್ಮನೆ ಬಂದು ನಿಂತವರು ಇರುವ ಜಾಗವನ್ನೆಲ್ಲ ತುಂಬಿ, ನಿಜವಾದ ಬಳಕೆದಾರರಿಗೆ ಬಾಗಿಲೇ ಸಿಗದಂತೆ ಮಾಡುವ ದಾರಿ ತೆರೆಯಿತು.

ಸಿಗ್ನಲ್ ತಡೆಯ ಇಡೀ ವಿದ್ಯೆ ಈ ಇಕ್ಕಟ್ಟಿನ ನಡುವೆ ಇದೆ. ತಡೆಯದಿದ್ದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ತಡೆದು ಬಿಡದಿದ್ದರೆ ಪ್ರೋಗ್ರಾಂ ಕಿವುಡಾಗುತ್ತದೆ. ಆದ್ದರಿಂದ ತಡೆ ಚಿಕ್ಕದಾಗಿರಬೇಕು; ನಾಲ್ಕು ಸಾಲಿನ ಸೂಕ್ಷ್ಮ ಕೆಲಸಕ್ಕೆ ನಾಲ್ಕೇ ಸಾಲಿನ ತಡೆ. ನೆಟ್‌ವರ್ಕ್‌ನಿಂದ ಉತ್ತರ ಬರುವುದನ್ನೋ ಡಿಸ್ಕ್ ಮುಗಿಸುವುದನ್ನೋ ಕಾಯುತ್ತ ತಡೆ ಇಟ್ಟುಕೊಳ್ಳಬಾರದು. ಹ್ಯಾಂಡ್ಲರ್ ಇನ್ನೂ ಚಿಕ್ಕದಿರಬೇಕು. ಒಂದು ಗುರುತು ಹಾಕಿ ಹಿಂದಿರುಗಲಿ, ಉಳಿದದ್ದನ್ನು ಮುಖ್ಯ ಪ್ರೋಗ್ರಾಂ ಬಿಡುವಾದಾಗ ನೋಡಿಕೊಳ್ಳಲಿ. ಪೈಥಾನ್ ಮಾಡುವುದು ಇದನ್ನೇ: ಒಳಗಿನ ಸಿ ಹ್ಯಾಂಡ್ಲರ್ ಬರೀ ಗುರುತು ಹಾಕುತ್ತದೆ, ನೀವು ಬರೆದ ಪೈಥಾನ್ ಹ್ಯಾಂಡ್ಲರ್ ಆಮೇಲೆ ಮುಖ್ಯ ಥ್ರೆಡ್‌ನಲ್ಲಿ, ಸುರಕ್ಷಿತ ಜಾಗದಲ್ಲಿ ಓಡುತ್ತದೆ.

ಸಿ ಬರೆಯದವರಿಗೂ ಇದರಲ್ಲಿ ದಿನದ ಬಳಕೆಗೆ ಒಂದು ಮಾತಿದೆ. ನಿಲ್ಲದ ಪ್ರೋಗ್ರಾಂ ಕಂಡೊಡನೆ ‘ಕಿಲ್ ಮೈನಸ್ 9’ ಒತ್ತುವುದು ನಮ್ಮ ಆಫೀಸುಗಳಲ್ಲಿ ಎಲ್ಲರ ಕೈಚಳಕ. ಒತ್ತುವ ಮೊದಲು ಹತ್ತು ಸೆಕೆಂಡ್ ತೆಗೆದುಕೊಂಡು ಸ್ಟೇಟಸ್ ಫೈಲಿನ ಎರಡು ಸಾಲು ನೋಡಿ, ಏನು ತಡೆಯಲ್ಲಿದೆ, ಏನು ಬಾಕಿಯಿದೆ ಎಂದು. ಸಿಗ್‌ಟರ್ಮ್ ತಡೆಯಲ್ಲಿದ್ದು, ಬಾಕಿಯಲ್ಲೂ ಇದ್ದರೆ ಪ್ರೋಗ್ರಾಂ ಹಟಮಾರಿಯಲ್ಲ. ಅದಕ್ಕೆ ನಿಮ್ಮ ಮಾತು ಇನ್ನೂ ತಲುಪಿಲ್ಲ, ಅಷ್ಟೆ. ಯಾರು ಕಿವಿ ಮುಚ್ಚಿದರು ಎಂದು ಅದನ್ನು ಹುಟ್ಟಿಸಿದವರ ಕಡೆ ಹುಡುಕಿ. ಆಗ ಮುಂದಿನ ಸಲ 9 ಒತ್ತುವ ಅಗತ್ಯವೇ ಬರುವುದಿಲ್ಲ.